ಎಂ.ಎಸ್. ಇರುವ ಕಾಲಿಗೆ ಸೂಜಿ ಹಾಕಿಸುವ ದಿನ

ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ) ಇರುವವರು ನೋವಿಗೆಂದು ಅಕ್ಯುಪಂಕ್ಚರ್ ಮಾಡಿಸುವ ದಿನ ಖಾಲಿ ಹೊಟ್ಟೆಯಲ್ಲಿ ಮನೆ ಬಿಡಬೇಡಿ. ಎರಡು ಅಕ್ಕಿರೊಟ್ಟಿ, ಪಲ್ಯ, ಒಂದು ಲೋಟ ನೀರು ಹೊಟ್ಟೆ ಸೇರಿರಲಿ. ಹಸಿದವರಿಗೆ ಸೂಜಿ ಚುಚ್ಚಿದ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ಸೆಳೆತಕ್ಕೆಂದು ಟಿಜಾನಿಡಿನ್ ನುಂಗುವವರು ಇನ್ನೂ ಎಚ್ಚರದಿಂದಿರಬೇಕು, ಆ ಮಾತ್ರೆಯೇ ಒತ್ತಡ ಇಳಿಸುತ್ತದೆ. ಹಾಗೆಂದು ಅಂದಿನ ಮಾತ್ರೆ ಬಿಡುವಂತಿಲ್ಲ. ಸೆಳೆತದ ಇನ್ನೊಂದು ಮಾತ್ರೆ ಬ್ಯಾಕ್ಲೋಫೆನ್ ಅನ್ನು ಥಟ್ಟನೆ ನಿಲ್ಲಿಸಿದರೆ ಸೆಳೆತ ಇಮ್ಮಡಿಯಾಗಿ ಮರಳಬಹುದು, ಫಿಟ್ಸ್ ಕೂಡ ಬರಬಹುದು. ‘ಸೂಜಿ ಶುರುವಾದ ಮೇಲೆ ಮಾತ್ರೆ ಬೇಡ’ ಎನ್ನುವ ಚಿಕಿತ್ಸಕರ ಬಾಗಿಲಿಂದಲೇ ವಾಪಸಾಗುವುದು ಕ್ಷೇಮ.

ಕೊಡಗಿನವರಿಗೆ ದಾರಿಯದೂ ಒಂದು ಲೆಕ್ಕವಿದೆ. ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಅದರಲ್ಲಿ ಮೊದಲ ಭಾಗವೆಲ್ಲ ತಿರುವು. ಮಂಡಿ ಮಡಚಿ ಗಂಟೆಗಟ್ಟಲೆ ಕೂತರೆ ತೊಡೆಯ ಹಿಂಬದಿ ಸ್ನಾಯು ಬಿಗಿದು, ಮಂಚ ಹತ್ತುವ ಮೊದಲೇ ಕಾಲು ಸೆಟೆದಿರುತ್ತದೆ. ಕುಶಾಲನಗರದಲ್ಲೊಮ್ಮೆ, ಹುಣಸೂರಿನಲ್ಲೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ತಲುಪಿದ ಮೇಲೆ ಇಪ್ಪತ್ತು ನಿಮಿಷ ಮಲಗಿ, ಆಮೇಲೆ ಸೂಜಿ. ದೂರದ ಹೆಸರುವಾಸಿಗಿಂತ ಹತ್ತಿರದಲ್ಲಿರುವ, ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಓದಿ ಅಕ್ಯುಪಂಕ್ಚರ್ ಕಲಿತ ವೈದ್ಯರೇ ವಾಸಿ. ಹೋಗಿಬರುವ ಆಯಾಸವೇ ಸಿಕ್ಕ ಆರಾಮವನ್ನು ತಿಂದುಹಾಕಿದರೆ ಏನು ಬಂತು?

ಯಾವ ನೋವಿಗೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಎಂ.ಎಸ್.ನಲ್ಲಿ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಮಯಲಿನ್ ಪೊರೆಯನ್ನು ಕೆಡಿಸುತ್ತದೆ. ಕಾಲುರಿ, ಜೋಮು, ಎದೆಗೂಡಿಗೆ ಪಟ್ಟಿ ಬಿಗಿದಂಥ ನೋವು ನೇರವಾಗಿ ಅದರಿಂದಲೇ ಹುಟ್ಟಿದವು. ಸೊಂಟನೋವು, ಮಂಡಿನೋವು ಹಾಗಲ್ಲ. ಒಂದು ಕಾಲು ಎಳೆದು ನಡೆದೂ ನಡೆದೂ ಬಂದವು. ಸೂಜಿಯಿಂದ ಏನಾದರೂ ಸಿಗುವುದಿದ್ದರೆ ಈ ಎರಡನೆಯ ಬಗೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಎಣಿಕೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ಅಧ್ಯಯನಗಳು ತಕ್ಕಮಟ್ಟಿಗೆ ಇವೆ, ಎಂ.ಎಸ್. ನೋವಿನ ಬಗ್ಗೆ ನಡೆದವು ಬಹುತೇಕ ಸಣ್ಣವು. ಮುಖಕ್ಕೆ ಕರೆಂಟು ಹೊಡೆದಂತೆ ಮಿಂಚುವ ನೋವಿಗೆ ಮೊದಲು ನರತಜ್ಞರು, ಅದಕ್ಕೆ ಕಾರ್ಬಮಾಜೆಪಿನ್‌ನಂಥ ಔಷಧಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರ್‌ಗೆ ಸ್ವತಂತ್ರ ಚಿಕಿತ್ಸೆಯ ಮಾನ್ಯತೆ ಕೊಟ್ಟಿದೆ ನಿಜ, ಆದರೆ ಕಾಯಿಲೆಯ ಓಟವನ್ನು ಅದು ತಡೆಯುವುದಿಲ್ಲ.

ಮಂಚದ ಮೇಲೆ ಕೂತಲ್ಲ, ಮಲಗಿಯೇ ಹಾಕಿಸಿಕೊಳ್ಳಿ. ಮಂಡಿಯಡಿ ದಿಂಬಿರಲಿ, ಕಾಲು ನೆಟ್ಟಗೆ ಚಾಚಿದರೆ ಸೆಳೆತಕ್ಕೆ ಆಹ್ವಾನ ಕೊಟ್ಟಂತೆ. ಪಾದದ ತುದಿ ಮಂಚದ ಹಲಗೆಗೆ ಒತ್ತದಿರಲಿ. ಒತ್ತಿದರೆ ಪಾದ ಪಟಪಟನೆ ಅದುರಲು ತೊಡಗುತ್ತದೆ. ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು, ಒಮ್ಮೆ ಬಳಸಿ ಎಸೆಯುವಂಥದ್ದೇ ಆಗಬೇಕು. ರಿಟುಕ್ಸಿಮಾಬ್, ಫಿಂಗೊಲಿಮೋಡ್‌ನಂಥ ಔಷಧಿಯಲ್ಲಿರುವವರಿಗೆ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ, ಇಲ್ಲಿ ಸಂಕೋಚ ಬೇಡ. ಸಾಮಾನ್ಯವಾಗಿ 0.25 ಮಿ.ಮೀ. ದಪ್ಪ, 25ರಿಂದ 40 ಮಿ.ಮೀ. ಉದ್ದದ ಸೂಜಿ ಸಾಕು. ಮೊದಲ ಸಲ ನಾಲ್ಕರಿಂದ ಆರು ಸೂಜಿ, ಹತ್ತು ಹದಿನೈದು ನಿಮಿಷ. ತಡೆದುಕೊಂಡರೆ ಮುಂದೆ ಇಪ್ಪತ್ತು, ಮೂವತ್ತು ನಿಮಿಷ.

ಹೆಚ್ಚಾಗಿ ಆರಿಸುವ ಒಂದು ಬಿಂದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೊಳಕಾಲ ಮೂಳೆಯ ಮುಂದಿನ ಅಂಚಿನಿಂದ ಒಂದು ಬೆರಳು ಹೊರಗೆ ಇದೆ. ಅಲ್ಲಿ ಸೂಜಿ ಹೊಕ್ಕಾಗ ಭಾರವಾದಂತೆ, ಒಳಗೆ ಮೆಲ್ಲಗೆ ಜಗ್ಗಿದಂತೆ ಅನ್ನಿಸಬೇಕು. ತೊಡಕು ಶುರುವಾಗುವುದು ಇಲ್ಲೇ. ಸ್ಪರ್ಶ ಕುಂದಿದ ಕಾಲಿಗೆ ಅದು ಗೊತ್ತಾಗುವುದಿಲ್ಲ, ಚಿಕಿತ್ಸಕರು ಆ ಅನುಭವ ಬರಲಿ ಎಂದು ಇನ್ನಷ್ಟು ಆಳಕ್ಕೆ ಇಳಿಸಿ ತಿರುಗಿಸುತ್ತಾರೆ. ಆಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಎಲ್ಲೆಲ್ಲಿ ಸ್ಪರ್ಶ ಇಲ್ಲವೆಂದು ಪೆನ್ನಿನಿಂದ ಗುರುತು ಮಾಡಿ ತೋರಿಸಿ. ಬೆರಳ ತುದಿವರೆಗೆ ಛಳಕ್ಕೆಂದು ಓಡಿದರೆ ನರಕ್ಕೆ ತಾಗಿದೆ, ತಕ್ಷಣ ಹೇಳಿ, ಸೂಜಿ ಹಿಂದೆಳೆಯಬೇಕು.

ಸೂಜಿ ಇರುವಾಗಲೇ ಸೆಳೆತ ಬಂದರೆ ಸ್ನಾಯು ಅದನ್ನು ಕಚ್ಚಿ ಹಿಡಿಯುತ್ತದೆ, ಸೂಜಿ ಬಾಗಲೂಬಹುದು. ಗಾಬರಿಯಿಂದ ಕೀಳಬಾರದು. ಸೆಳೆತ ಇಳಿಯುವವರೆಗೆ ಕಾಲನ್ನು ಹಿಡಿದುಕೊಂಡು, ಸುತ್ತಲಿನ ಜಾಗ ಮೆಲ್ಲಗೆ ಸವರಿ, ಬಾಗಿದ ದಿಕ್ಕಿನಲ್ಲೇ ನಿಧಾನವಾಗಿ ತೆಗೆಯಬೇಕು. ಇದಕ್ಕಾಗಿಯೇ ಮೊದಲ ಕೆಲವು ಸಲ ಮೀನಖಂಡ, ಅಂಗಾಲು ಬೇಡ. ಚಿಕಿತ್ಸಕರು ಕೋಣೆ ಬಿಟ್ಟು ಹೋಗುವುದೂ ಬೇಡ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಥಂಡಿಗೆ ಮೈ ಬಿಗಿದಿರುವಾಗ ಶಾಖದ ದೀಪ ಇಡೋಣವೇ ಎಂದು ಕೇಳುತ್ತಾರೆ. ಮಾಚಿಪತ್ರೆ ಜಾತಿಯ ಒಣಸೊಪ್ಪು ಉರಿಸಿ ಕಾವು ಕೊಡುವ ಮಾಕ್ಸಾ ಪದ್ಧತಿಯೂ ಇದೆ. ಎರಡನ್ನೂ ಬೇಡವೆನ್ನಿ. ಪೊರೆ ಕಳೆದುಕೊಂಡ ನರದಲ್ಲಿ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಸಂದೇಶ ತಡವರಿಸುತ್ತದೆ, ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ಜರ್ಮನಿಯ ಕಣ್ಣಿನ ವೈದ್ಯ ಉಟಾಫ್ 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಥಂಡಿಗೆ ಉಣ್ಣೆಯ ಕಾಲುಚೀಲ, ಕಂಬಳಿ ಸಾಕು. ಸೂಜಿಗೆ ಕರೆಂಟು ಕೊಡುವ ಯಂತ್ರ ಪೇಸ್‌ಮೇಕರ್ ಇದ್ದವರಿಗೆ ಕೂಡದು.

ಎದ್ದೇಳುವ ಮೊದಲು ಸೂಜಿ ಎಣಿಸಿ. ಎಷ್ಟು ಹಾಕಿದರೋ ಅಷ್ಟೂ ಹೊರಬಂದಿರಬೇಕು. ಜೋಮುಗಟ್ಟಿದ ಕಾಲು ಒಳಗುಳಿದ ಸೂಜಿಯ ಸುದ್ದಿ ಹೇಳುವುದಿಲ್ಲ. ಅಂದು ತಾವೇ ಗಾಡಿ ಓಡಿಸುವುದು, ತೋಟದ ಇಳಿಜಾರು ಇಳಿಯುವುದು, ಕುದಿ ನೀರಿನ ಸ್ನಾನ ಬೇಡ. ಸುಸ್ತು ಮರುದಿನದವರೆಗೂ ಇರಬಹುದು. ಜ್ವರವಿಲ್ಲದೆಯೂ ಹೊಸ ಲಕ್ಷಣವೊಂದು 24 ಗಂಟೆ ದಾಟಿ ನಿಂತರೆ ಸೂಜಿಯ ಪರಿಣಾಮವೆಂದು ಕೂರದೆ ನರತಜ್ಞರಿಗೆ ಫೋನ್ ಮಾಡಿ.

ಶುರು ಮಾಡುವ ಎರಡು ವಾರ ಮುಂಚಿನಿಂದ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ, ರಾತ್ರಿ ಎಷ್ಟು ಸಲ ಸೆಳೆತಕ್ಕೆ ಎಚ್ಚರವಾಯಿತು ಎಂಬುದನ್ನು ಕ್ಯಾಲೆಂಡರಿನಲ್ಲೇ ಬರೆಯುತ್ತಾ ಬನ್ನಿ. ಆ ಅವಧಿಯಲ್ಲಿ ಹೊಸ ಮಾತ್ರೆ ಸೇರಿಸಿದರೆ ಯಾವುದರಿಂದ ಏನಾಯಿತು ಎಂದು ಬಿಡಿಸಲಾಗದು. ವಾರಕ್ಕೊಂದರಂತೆ ಆರರಿಂದ ಎಂಟು ಸಲವಾದರೂ ಅಂಕ ಎರಡರಷ್ಟೂ ಇಳಿಯದಿದ್ದರೆ ನಿಲ್ಲಿಸಿ, ಅದೇ ಹಣದಲ್ಲಿ ನಡಿಗೆ ನೋಡಿ ತಿದ್ದುವ ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ಪಾದ ಜೋಲುತ್ತಿದ್ದರೆ ಅದಕ್ಕೆ ಆಧಾರಪಟ್ಟಿಯನ್ನೂ ಕೇಳಿ.