ಮಂಗಳೂರು ಲೋಕಸಭಾ ಕ್ಷೇತ್ರ, 1952ರಿಂದ 2024: ಪಟ್ಟಿ, ನಕ್ಷೆ ಎಲ್ಲಿಗೆ ಬಂತು

ಹದಿನೆಂಟು ಸಾರ್ವತ್ರಿಕ ಚುನಾವಣೆಗಳ ಮುಖ್ಯ ಪಟ್ಟಿ ಪೂರ್ತಿಯಾಗಿದೆ. ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸುವ ಪುನರ್ವಿಂಗಡಣೆ ಆದಾಗಲೆಲ್ಲ ಗಡಿ ನಕ್ಷೆಗೆ ಒಂದು ಪದರ: 2008ರದ್ದು ಸಿದ್ಧ, 1976ರದ್ದು ಅರ್ಧಕ್ಕೆ ಬಂದಿದೆ. ಮತಗಟ್ಟೆವಾರು ಅಂಕಿಗಳನ್ನು ಈಗಷ್ಟೇ ಕೈಗೆತ್ತಿಕೊಂಡಿದ್ದೇವೆ.

ಸಂಸದರ ಹೆಸರು ಬರೆದು ಮುಗಿಸುವುದು ಒಂದು ಸಂಜೆಯ ಕೆಲಸ. ಮೊದಲ ಐದು ಚುನಾವಣೆಗಳಿಗೆ ಐದು ಮಂದಿ: 1952ರಲ್ಲಿ ಬಿ. ಶಿವರಾವ್, 1957ರಲ್ಲಿ ಕೆ.ಆರ್. ಆಚಾರ್, 1962ರಲ್ಲಿ ಎ. ಶಂಕರ ಆಳ್ವ, 1967ರಲ್ಲಿ ಸಿ.ಎಂ. ಪೂಣಚ್ಚ, 1971ರಲ್ಲಿ ಕೆ.ಕೆ. ಶೆಟ್ಟಿ. ಎಲ್ಲರೂ ಕಾಂಗ್ರೆಸ್ಸಿನವರು, ಯಾರೂ ಇಲ್ಲಿಂದ ಎರಡನೇ ಸಲ ಗೆದ್ದವರಲ್ಲ. ಆಮೇಲಿನ ಹದಿಮೂರು ಚುನಾವಣೆಗಳಿಗೂ ಐದೇ ಹೆಸರು. ಬಿ. ಜನಾರ್ದನ ಪೂಜಾರಿ ನಾಲ್ಕು ಸಲ (1977, 1980, 1984, 1989), ವಿ. ಧನಂಜಯ ಕುಮಾರ್ ನಾಲ್ಕು ಸಲ (1991, 1996, 1998, 1999), 2004ರಲ್ಲಿ ಡಿ.ವಿ. ಸದಾನಂದ ಗೌಡ, 2009ರಿಂದ ಮೂರು ಸಲ ನಳಿನ್ ಕುಮಾರ್ ಕಟೀಲ್, 2024ರಲ್ಲಿ ಕ್ಯಾಪ್ಟನ್ ಬ್ರಿಜೇಶ್ ಚೌಟ. 1991ರಿಂದ ಈಚೆಗೆ ಗೆದ್ದವರೆಲ್ಲ ಬಿಜೆಪಿಯವರು.

ಆದರೆ ಈ ಹೆಸರುಗಳನ್ನು ಒಂದರ ಕೆಳಗೊಂದು ಬರೆದು "ಮಂಗಳೂರು ಕ್ಷೇತ್ರದ ಇತಿಹಾಸ" ಎಂದು ತಲೆಬರಹ ಕೊಟ್ಟರೆ ಓದುವವರ ದಾರಿ ತಪ್ಪುತ್ತದೆ. ಇವರೆಲ್ಲ ಒಂದೇ ನೆಲವನ್ನು ಪ್ರತಿನಿಧಿಸಿದವರಲ್ಲ. ಶಿವರಾವ್ ಗೆದ್ದದ್ದು ಮದ್ರಾಸ್ ರಾಜ್ಯದ "ದಕ್ಷಿಣ ಕೆನರಾ (ದಕ್ಷಿಣ)" ಕ್ಷೇತ್ರದಿಂದ. ಕಾಸರಗೋಡು ತಾಲೂಕು ಆಗ ಇದೇ ಜಿಲ್ಲೆಯ ಭಾಗ. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಅದಕ್ಕೆ ತನ್ನದೇ ಲೋಕಸಭಾ ಸ್ಥಾನವಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಕೊಡಗು ಮೈಸೂರು ರಾಜ್ಯಕ್ಕೆ ಬಂತು. ಮುಂದೆ ಕೊಡಗು ಮಂಗಳೂರಿನ ಜೊತೆ ಮತ ಹಾಕಿತು. ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಪೂಣಚ್ಚನವರು 1967ರಲ್ಲಿ ಮಂಗಳೂರಿನ ಸಂಸದರಾದದ್ದು ಹಾಗೆ. 2008ರ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರು ಕ್ಷೇತ್ರಕ್ಕೆ ಸೇರಿತು, ಇಲ್ಲಿಯದು "ದಕ್ಷಿಣ ಕನ್ನಡ" ಎಂಬ ಹೆಸರು ಪಡೆಯಿತು. ಸೋಮವಾರಪೇಟೆ, ಮಡಿಕೇರಿ, ವಿರಾಜಪೇಟೆಯ ಮತಗಳೂ ಸೇರಿದ್ದ 1999ರ ಅಂತರವನ್ನು, ಅವು ಬಿಟ್ಟುಹೋದ 2009ರ ಅಂತರಕ್ಕೆ ಒಂದೇ ಗೆರೆಯಲ್ಲಿ ಜೋಡಿಸುವುದು ಸರಿಯಲ್ಲ. ನಮ್ಮ ಗ್ರಾಫಿನಲ್ಲಿ ಪ್ರತಿ ಪುನರ್ವಿಂಗಡಣೆಗೂ ಗೆರೆ ತುಂಡಾಗುತ್ತದೆ. ನೋಡಲು ಚೆಂದ ಕಾಣುವುದಿಲ್ಲ, ಹಾಗೆಯೇ ಇರಲಿ.

ಆದ್ದರಿಂದ ಪಟ್ಟಿಯ ಮೊದಲ ಕಾಲಂ ವರ್ಷವಲ್ಲ, ಪುನರ್ವಿಂಗಡಣಾ ಆದೇಶ: 1951, 1956, 1961, 1966, 1976, 2008. ಎರಡನೆಯದು ಆದೇಶದಲ್ಲಿರುವಂತೆಯೇ ಕ್ಷೇತ್ರದ ಹೆಸರು. ಮೂರನೆಯದು ರಾಜ್ಯ, ಆ ಕಾಲದ ಹೆಸರಿನಲ್ಲಿ: ಮದ್ರಾಸ್, ಮೈಸೂರು, 1973ರ ನವೆಂಬರ್‌ನಿಂದ ಕರ್ನಾಟಕ. ಇಲ್ಲಿ ಹಲವರು ಎಡವುವ ಜಾಗ 1997. ಆ ವರ್ಷ ಉಡುಪಿ ಬೇರೆ ಜಿಲ್ಲೆಯಾಯಿತು, ಆದರೆ ಲೋಕಸಭಾ ಗಡಿ ಒಂದಿಂಚೂ ಕದಲಲಿಲ್ಲ. 1998, 1999, 2004ರ ಚುನಾವಣೆಗಳು 1976ರ ಆದೇಶದ ಮೇಲೆಯೇ ನಡೆದವು. ಜಿಲ್ಲಾ ನಕ್ಷೆ ಇಟ್ಟುಕೊಂಡು ಕ್ಷೇತ್ರದ ಗಡಿ ಎಳೆಯಬಾರದು.

ಇನ್ನೊಂದು ಗೊಂದಲ ವಿಧಾನಸಭಾ ವಿಭಾಗಗಳದ್ದು (ಲೋಕಸಭಾ ಕ್ಷೇತ್ರದೊಳಗಿನ ವಿಧಾನಸಭಾ ಕ್ಷೇತ್ರಗಳು), ಇದಕ್ಕೆ ಸಾಕಷ್ಟು ಹೊತ್ತು ಬೇಕು. 2004ರವರೆಗೆ "ಮಂಗಳೂರು" ವಿಧಾನಸಭಾ ಕ್ಷೇತ್ರ ಎಂದರೆ ಪೇಟೆಯ ನಡುಭಾಗ. 2008ರಿಂದ ಆ ಭಾಗಕ್ಕೆ "ಮಂಗಳೂರು ನಗರ ದಕ್ಷಿಣ" ಎಂದು ಹೆಸರು, ಕ್ರಮಾಂಕ 203. ಬರೀ "ಮಂಗಳೂರು" ಎಂಬ ಹೆಸರು ನೇತ್ರಾವತಿ ಹೊಳೆಯ ಆಚೆಗಿನ ಹಿಂದಿನ ಉಳ್ಳಾಲ ಕ್ಷೇತ್ರಕ್ಕೆ ಹೋಯಿತು, ಕ್ರಮಾಂಕ 204. ಸುರತ್ಕಲ್ ಹೆಸರಿನ ಜಾಗದಲ್ಲಿ "ಮಂಗಳೂರು ನಗರ ಉತ್ತರ" ಬಂತು, 202. ವಿಟ್ಲ ಇಲ್ಲವಾಯಿತು. ಹೆಸರು ನೋಡಿ ಶೀಟುಗಳನ್ನು ಜೋಡಿಸಿದರೆ ಪೇಟೆ ನಡುವಿನ ಹಂಪನಕಟ್ಟೆಯ 2004ರ ಮತಗಳ ಪಕ್ಕಕ್ಕೆ ಹೊಳೆಯಾಚೆಯ ತೊಕ್ಕೊಟ್ಟಿನ 2009ರ ಮತಗಳು ಬಂದು ಕೂರುತ್ತವೆ, ಎಕ್ಸೆಲ್ ಯಾವ ತಪ್ಪನ್ನೂ ತೋರಿಸುವುದಿಲ್ಲ. ಜೋಡಣೆಗೆ ಹೆಸರು ಬಳಸಬೇಡಿ, ಬರೀ ಕ್ರಮಾಂಕವೂ ಸಾಲದು. ಆದೇಶದ ವರ್ಷ ಮತ್ತು ಕ್ರಮಾಂಕ ಸೇರಿಸಿ 2008-203 ಎಂಬಂತೆ ಗುರುತು ಮಾಡಿಕೊಳ್ಳಿ. ಈಗಿನ ಕ್ಷೇತ್ರದ ಎಂಟು ವಿಭಾಗಗಳು 200ರಿಂದ 207: ಬೆಳ್ತಂಗಡಿ, ಮೂಡುಬಿದಿರೆ, ಮಂಗಳೂರಿನ ಮೂರು, ಬಂಟ್ವಾಳ, ಪುತ್ತೂರು, ಸುಳ್ಯ.

ಅಂಕಿಗಳು ಚುನಾವಣಾ ಆಯೋಗದ ಅಂಕಿಅಂಶ ವರದಿಗಳಿಂದಲೇ. ಪತ್ರಿಕೆಗಳ ಅಂಕಿಯನ್ನು ಪಟ್ಟಿಗೆ ಹಾಕುವುದಿಲ್ಲ, ಏಕೆಂದರೆ ಎಣಿಕೆಯ ರಾತ್ರಿ ಅಚ್ಚಿಗೆ ಹೋದ ಪುಟದಲ್ಲಿ ಕೊನೆಯ ಸುತ್ತೋ ಅಂಚೆ ಮತವೋ ಬಿಟ್ಟುಹೋಗಿರುತ್ತದೆ. ಪತ್ರಿಕೆ ಬೇಕಾಗುವುದು ಅಭ್ಯರ್ಥಿ ಯಾರು, ಎಲ್ಲಿಯವರು, ಚಿಹ್ನೆ ಏನು ಎಂದು ತಿಳಿಯಲು. ಉದಯವಾಣಿ ಶುರುವಾದದ್ದು 1970ರ ದಶಕದ ಆರಂಭದಲ್ಲಿ. ಅದಕ್ಕೂ ಹಿಂದಿನದಕ್ಕೆ ಮಂಗಳೂರಿನ ನವಭಾರತ ಪತ್ರಿಕೆಯ ಹಳೆಯ ಸಂಪುಟಗಳನ್ನು ಹುಡುಕಬೇಕು. ಚಿಹ್ನೆಗೆ ಬೇರೆ ಕಾಲಂ ಇರಲಿ: ಕಾಂಗ್ರೆಸ್ಸಿಗೆ 1967ರವರೆಗೆ ಜೋಡೆತ್ತು, 1971 ಮತ್ತು 1977ರಲ್ಲಿ ದನ-ಕರು, 1980ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಕೈ. ಪಕ್ಷದ ಹೆಸರನ್ನು ವರದಿಯಲ್ಲಿರುವಂತೆಯೇ ಬಿಡಿ. 1980ರ ಎರಡು ಕಾಂಗ್ರೆಸ್‌ಗಳನ್ನು ಒಂದು ಮಾಡಿದರೆ ಆ ವರ್ಷದ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ.

ಪ್ರತಿ ಸಾಲಿಗೂ ಮೂರು ತಾಳೆ. ಗೆದ್ದವರ ಮತದಿಂದ ಎರಡನೆಯವರ ಮತ ಕಳೆದರೆ ಅಂತರ ಸಿಗಬೇಕು: 2009ರಲ್ಲಿ 4,99,385ರಿಂದ 4,58,965 ಕಳೆದರೆ 40,420. 2019ರಲ್ಲಿ 7,74,285 ಮತ್ತು 4,99,664, ಅಂತರ 2,74,621. 2024ರಲ್ಲಿ 7,64,132 ಮತ್ತು 6,14,924, ಅಂತರ 1,49,208. ಎರಡನೆಯದಾಗಿ, ಎಲ್ಲ ಅಭ್ಯರ್ಥಿಗಳ ಮೊತ್ತ ಸಿಂಧು ಮತಕ್ಕೆ ಸಮ ಬರಬೇಕು. ಮೂರನೆಯದು, ಸಿಂಧು ಮತಕ್ಕೆ ಕುಲಗೆಟ್ಟ (ಅಸಿಂಧು) ಮತ ಸೇರಿಸಿದರೆ ಚಲಾವಣೆಯಾದ ಮತ. 2004ರಲ್ಲಿ ಎಲ್ಲೆಡೆ ಮತಯಂತ್ರ ಬಂದ ಮೇಲೆ ಕುಲಗೆಟ್ಟದ್ದು ಅಂಚೆ ಮತಗಳಲ್ಲಷ್ಟೇ ಉಳಿದಿದೆ. 2014ರಿಂದ ನೋಟಾ ಸೇರಿತು. ಅದು ಸಿಂಧು ಮತವಲ್ಲ, ಶೇಕಡಾ ಲೆಕ್ಕದಲ್ಲಿ ಛೇದಕ್ಕೆ ಹಾಕಬಾರದು. 2024ರಲ್ಲಿ ಇಲ್ಲಿ ನೋಟಾಕ್ಕೆ 23 ಸಾವಿರಕ್ಕೂ ಹೆಚ್ಚು ಬಿದ್ದಿದೆ, ಸೇರಿಸಿದರೆ ಎರಡೂ ಪಕ್ಷಗಳ ಪಾಲು ಸುಮ್ಮನೆ ಇಳಿಯುತ್ತದೆ. 1984ರಿಂದ 1989ಕ್ಕೆ ಮತದಾರರ ಸಂಖ್ಯೆ ಜಿಗಿದದ್ದು ಕಂಡು ಗಾಬರಿ ಬೇಡ, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಆ ನಡುವೆ.

ವ್ಯಕ್ತಿಗಳಿಗೂ ಗುರುತಿನ ಸಂಖ್ಯೆ ಕೊಟ್ಟಿದ್ದೇವೆ. ಒಬ್ಬರದೇ ಹೆಸರು ವರದಿಯಿಂದ ವರದಿಗೆ ಬೇರೆ ಕಾಗುಣಿತದಲ್ಲಿದೆ. ಸದಾನಂದ ಗೌಡರು 2004ರಲ್ಲಿ ಮಂಗಳೂರು, 2009ರಲ್ಲಿ ಉಡುಪಿ-ಚಿಕ್ಕಮಗಳೂರು, ಹೀಗೆ ಎರಡು ಪಟ್ಟಿಗಳಲ್ಲೂ ಬರುತ್ತಾರೆ.

"ಸಾಧನೆ" ಎಂಬ ಕಾಲಮ್ಮನ್ನು ಸಂಸದರ ಪಟ್ಟಿಯಿಂದ ತೆಗೆದಿದ್ದೇವೆ. ಕಾರಣ ಉಳ್ಳಾಲ ಶ್ರೀನಿವಾಸ ಮಲ್ಯರು. ಪಣಂಬೂರಿನ ಬಂದರು, ಬಜಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎಂದರೆ ಊರಿಗೆ ಮೊದಲು ನೆನಪಾಗುವ ಹೆಸರು ಅವರದು, ಅದು ನ್ಯಾಯವೂ ಹೌದು. ಆದರೆ ಅವರು 1952ರಲ್ಲಿ ಗೆದ್ದದ್ದು ದಕ್ಷಿಣ ಕೆನರಾ (ಉತ್ತರ)ದಿಂದ, 1957 ಮತ್ತು 1962ರಲ್ಲಿ ಉಡುಪಿಯಿಂದ. ಮಂಗಳೂರಿನ ಪಟ್ಟಿಯಲ್ಲಿ ಅವರಿಲ್ಲ. 1965ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ನವ ಮಂಗಳೂರು ಬಂದರು ಪ್ರಮುಖ ಬಂದರು ಎಂದು ಘೋಷಣೆಯಾದದ್ದು 1974ರ ಮೇ ತಿಂಗಳಲ್ಲಿ, ಉದ್ಘಾಟನೆ 1975ರ ಜನವರಿಯಲ್ಲಿ, ಆಗ ಮಂಗಳೂರಿನ ಸಂಸದರು ಕೆ.ಕೆ. ಶೆಟ್ಟಿ. ಉದ್ಘಾಟನೆಯ ದಿನಾಂಕ ನೋಡಿ ಕೆಲಸವನ್ನು ಹಂಚಿದರೆ ದುಡಿದವರ ಹೆಸರು ಅಳಿಸಿಹೋಗುತ್ತದೆ. ಹಾಗಾಗಿ ಕಾಮಗಾರಿಗಳದ್ದು ಬೇರೆ ಪಟ್ಟಿ: ಮಂಜೂರಾತಿ, ಶಂಕುಸ್ಥಾಪನೆ, ಉದ್ಘಾಟನೆ, ಆಯಾ ದಿನಾಂಕಕ್ಕೆ ಮಂಗಳೂರು, ಉಡುಪಿ ಎರಡೂ ಕ್ಷೇತ್ರಗಳ ಸಂಸದರು. ಸುರತ್ಕಲ್ಲಿನ ಆ ಕಾಲೇಜೇ ಇಂದಿನ ಎನ್‌ಐಟಿಕೆ, 2019 ಮತ್ತು 2024ರಲ್ಲಿ ಕ್ಷೇತ್ರದ ಮತ ಎಣಿಕೆ ನಡೆದದ್ದು ಅಲ್ಲಿಯೇ.

ನಕ್ಷೆಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಬಳಸುತ್ತಿದ್ದೇವೆ. ಹಳೆಯ ನಕ್ಷೆಯ ಸ್ಕ್ಯಾನನ್ನು ಇಂದಿನ ನೆಲಕ್ಕೆ ಕೂರಿಸುವಾಗ ಅಳಿವೆಯ ಬಾಯನ್ನು ಆಧಾರಬಿಂದು ಮಾಡಬೇಡಿ. ನೇತ್ರಾವತಿ, ಫಲ್ಗುಣಿ ಕೂಡುವ ಬೆಂಗ್ರೆಯ ಮರಳುದಿಣ್ಣೆ ಜಾಗ ಬದಲಿಸುತ್ತಲೇ ಇರುತ್ತದೆ, ಅದನ್ನು ನಂಬಿದರೆ ಇಡೀ ಹಾಳೆ ಓರೆಯಾಗುತ್ತದೆ. ನೇತ್ರಾವತಿ ರೈಲು ಸೇತುವೆಯ ಎರಡು ತುದಿ, ಮಂಗಳೂರು ಸೆಂಟ್ರಲ್ ನಿಲ್ದಾಣ, ಹಳೆಯ ಚರ್ಚು-ದೇವಸ್ಥಾನಗಳು ಒಳ್ಳೆಯ ಬಿಂದುಗಳು. ಎಲ್ಲವೂ ಪೇಟೆಯಲ್ಲೇ ಆಗದಂತೆ ನಾಲ್ಕು ಮೂಲೆಗೂ ಹರಡಬೇಕು, ಇಲ್ಲವಾದರೆ ಸುಳ್ಯದ ಕಡೆ ಗಡಿ ಜಾರುತ್ತದೆ.

ಮುಂದಿನ ಸರದಿ ನಮೂನೆ 20, ಅಂದರೆ ಮತಗಟ್ಟೆವಾರು ಫಲಿತಾಂಶ. ಹಳೆಯವು ಸ್ಕ್ಯಾನ್ ಪುಟಗಳು. ಯಂತ್ರ ಓದುವಾಗ 3 ಮತ್ತು 8 ಅದಲುಬದಲಾಗುತ್ತವೆ, ಪ್ರತಿ ಪುಟದಡಿಯ ಮೊತ್ತಕ್ಕೆ ಕೂಡಿಸಿ ನೋಡಿಯೇ ಒಪ್ಪಿಕೊಳ್ಳಬೇಕು. ನುಡಿ ಅಕ್ಷರಶೈಲಿಯ ಕನ್ನಡ ಪಿಡಿಎಫ್‌ಗಳನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಮತಗಟ್ಟೆಯ ಹೆಸರುಗಳನ್ನು ಕಣ್ಣಿನಿಂದಲೇ ಸರಿ ಮಾಡಬೇಕು. ಮೊದಲು 203, ಆಮೇಲೆ 204. ಇವೆರಡರ ಮತಗಟ್ಟೆ ಪಟ್ಟಿ ಕೂತ ಮೇಲೆ 1976ರ ಪದರದ ಉಳಿದ ಅರ್ಧ.