ಎದುರು ಕೂತವರ ಮುಖ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹನ್ನೆರಡು ದಿನ ಇದ್ದೆವು. ಮಗಳ ಮನೆ, ಕೆರೆಗಳು, ಅಂಗಡಿಗಳು, ಪರಿಚಯದ ಕನ್ನಡದವರ ಮನೆಯಲ್ಲಿ ಊಟ, ಎಲ್ಲ ಆಯಿತು. ಊರಿಗೆ ಬಂದ ಮೇಲೂ ಬಿಡದೆ ಕಾಡುತ್ತಿರುವುದು ಮಾತ್ರ ಗಥ್ರಿ ರಂಗಮಂದಿರದಲ್ಲಿ ಕಳೆದ ಸಂಜೆ.

ಡೌನ್‌ಟೌನಿನ ಅಂಚಿನಲ್ಲಿ, ಮಿಸಿಸಿಪಿಯ ದಂಡೆಗೇ ನಿಂತಿದೆ ಅದು. ಕಡುನೀಲಿ ಲೋಹದ ಹೊದಿಕೆ. ಒಂದು ಭಾಗ ದುಂಡಗೆ, ಇನ್ನೊಂದು ಚೌಕ. ದೂರದಿಂದ ನೋಡಿ ಕಾರ್ಖಾನೆ ಅಂದುಕೊಂಡೆ. ಹಾಗೆ ಕಾಣಲಿ ಎಂದೇ ಕಟ್ಟಿದ್ದಂತೆ. ಒಂದು ಕಾಲಕ್ಕೆ ಇಲ್ಲಿನ ಜಲಪಾತದ ಬಲದಿಂದ ಸಾಲುಸಾಲು ಹಿಟ್ಟಿನ ಗಿರಣಿಗಳು ನಡೆಯುತ್ತಿದ್ದವು, ದೇಶಕ್ಕೆಲ್ಲ ಗೋಧಿಹಿಟ್ಟು ಇಲ್ಲಿಂದ ಹೋಗುತ್ತಿತ್ತು. ಪಕ್ಕದಲ್ಲೇ ಇರುವ ವಾಶ್‌ಬರ್ನ್ ಗಿರಣಿಯಲ್ಲಿ 1878ರಲ್ಲಿ ಹಿಟ್ಟಿನ ಧೂಳು ಸಿಡಿದು 18 ಕೆಲಸಗಾರರು ಸತ್ತರು. ಮತ್ತೆ ಕಟ್ಟಿದ ಆ ಗಿರಣಿಯೂ ಪಾಳುಬಿದ್ದು, ಈಗ ಅದರ ಗೋಡೆಗಳ ನಡುವೆ ಮ್ಯೂಸಿಯಂ ಇದೆ. ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನೂವೆಲ್ ಇಲ್ಲಿನ ಗಿರಣಿಗಳ ಧಾನ್ಯದ ಕಣಜಗಳ ದುಂಡಗಿನ ಆಕಾರವನ್ನೇ ರಂಗಮಂದಿರಕ್ಕೆ ತಂದರು. 2006ರಲ್ಲಿ ಅದು ತೆರೆಯಿತು. ಹತ್ತಿರ ಹೋದರೆ ನೀಲಿ ಗೋಡೆಯ ಮೇಲೆ ಹಳೆಯ ನಾಟಕಗಳ ಚಿತ್ರಗಳು ನೆರಳಿನಂತೆ ಮೂಡಿವೆ. ಬೆಳಕು ಓರೆಯಾದಾಗ ಒಂದು ಮುಖ ಕಾಣುತ್ತದೆ, ಎರಡು ಹೆಜ್ಜೆ ಮುಂದಿಟ್ಟರೆ ಇಲ್ಲ.

ನಾಟಕ ಏಳೂವರೆಗೆ. ಏಳು ಕಾಲಿಗೇ ತಲುಪಿದರೂ ಹತ್ತಿರದ ಪಾರ್ಕಿಂಗ್ ಜಾಗದ ಯಂತ್ರ ಮಗಳ ಕಾರ್ಡನ್ನು ಮೂರು ಸಲ ಉಗುಳಿತು. ಹಿಂದೆ ಕಾರುಗಳ ಸಾಲು, ಸಹಾಯಕ್ಕೆ ಒತ್ತುವ ಗುಂಡಿಗೆ ಉತ್ತರವೇ ಇಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹೋಗುವವರು ಮುಕ್ಕಾಲು ಗಂಟೆ ಮೊದಲೇ ಹೋಗಿ. ಇನ್ನೊಂದು ಕಾರಣವೂ ಇದೆ: ಬಾಗಿಲು ರಸ್ತೆಯ ಮಟ್ಟದಲ್ಲಿದ್ದರೂ ರಂಗ ಇರುವುದು ಮೇಲೆ. ನದಿ ಕಾಣಲಿ ಎಂದು ನೂವೆಲ್ ರಂಗಗಳನ್ನೇ ಸುಮಾರು 15 ಮೀಟರ್ ಎತ್ತಿಟ್ಟಿದ್ದಾರೆ. ಕಿರಿದಾದ, ಉದ್ದನೆಯ ಎಸ್ಕಲೇಟರ್ ಮಬ್ಬುಗತ್ತಲಲ್ಲಿ ಮೇಲಕ್ಕೆ ಒಯ್ಯುತ್ತದೆ. ವಯಸ್ಸಾದವರಿಗೆ ಆ ಕತ್ತಲೆ ಅತಿಯಾಯಿತು. ನನ್ನ ಹೆಂಡತಿ ನನ್ನ ತೋಳು ಬಿಡಲಿಲ್ಲ.

ಬಾಗಿಲು ಮುಚ್ಚಿತ್ತು. ಬೆಂಗಳೂರಿನ ರಂಗಶಂಕರದಲ್ಲಾಗಿದ್ದರೆ ಅಲ್ಲಿಗೆ ಮುಗಿಯಿತು, ಮನೆಗೆ ವಾಪಸು. ಇಲ್ಲಿ ದೃಶ್ಯ ಬದಲಾಗುವಾಗ ಒಳಗೆ ಬಿಡುತ್ತೇನೆ ಎಂದರು ಬಾಗಿಲಲ್ಲಿದ್ದ ಹಿರಿಯರು. ಎಪ್ಪತ್ತು ದಾಟಿದ್ದಿರಬೇಕು. ಪಿಸುದನಿಯಲ್ಲೇ ಮಾತಿಗೆ ತೊಡಗಿದೆವು, ಮಗಳು ಆಗಾಗ ನನಗೆ ತಿಳಿಯುವಂತೆ ಹೇಳುತ್ತಿದ್ದಳು.

ಹಳೆಯ ಗಥ್ರಿ ಇದ್ದದ್ದು ಬೇರೆ ಕಡೆ, ವಾಕರ್ ಕಲಾಕೇಂದ್ರದ ಪಕ್ಕದಲ್ಲಿ. ನ್ಯೂಯಾರ್ಕಿನ ಬ್ರಾಡ್‌ವೇ ವ್ಯಾಪಾರ ಸಾಕಾಗಿ ನಿರ್ದೇಶಕ ಟೈರೋನ್ ಗಥ್ರಿ, ‘ನಾಟಕ ಬೇಕೆನ್ನುವ ಊರು ಯಾವುದಾದರೂ ಇದೆಯೇ’ ಎಂದು ಪತ್ರಿಕೆಯ ಮೂಲಕ ಕೇಳಿದ್ದರಂತೆ. ಉತ್ತರ ಕೊಟ್ಟ ಏಳು ಊರುಗಳಲ್ಲಿ ಇದೂ ಒಂದು. 1963ರಲ್ಲಿ ಹ್ಯಾಮ್ಲೆಟ್‌ನೊಂದಿಗೆ ಬಾಗಿಲು ತೆರೆಯಿತು. ಈ ಹಿರಿಯರು ಆಗ ಶಾಲೆಯ ಹುಡುಗ.

“ಹಳೆಯದು ಏನಾಯಿತು?” ಎಂದೆ.

“2006ರಲ್ಲೇ ಕೆಡವಿದರು. ನಾನು ಬೇಲಿಯಾಚೆ ನಿಂತು ನೋಡಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಲ್ಲಿ 1,441 ಕುರ್ಚಿ, ಇಲ್ಲಿ 1,100. ಆದರೆ ರಂಗ ಹಾಗೇ ಇದೆ, ಜನರ ನಡುವೆ. ಅದೊಂದು ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ.”

ಜನರ ನಡುವೆ ಎಂದರೇನು ಎಂಬುದು ಒಳಗೆ ಕೂತ ಮೇಲೆ ತಿಳಿಯಿತು. ರಂಗ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿದೆ. ಮೂರು ಕಡೆಯೂ ಪ್ರೇಕ್ಷಕರು, ಕಡಿದಾಗಿ ಏರುವ ಸಾಲುಗಳಲ್ಲಿ. ನಮಗೆ ಸಿಕ್ಕಿದ್ದು ಬದಿಯ ಜಾಗ. ನಟಿಯ ಬೆನ್ನು ನಮ್ಮತ್ತ ತಿರುಗಿತ್ತು, ಅವಳು ಯಾರಿಗೋ ಬಂದ ಸಾವಿನ ಸುದ್ದಿ ಓದುತ್ತಿದ್ದಳು. ಅವಳ ಮುಖ ನನಗೆ ಕಾಣಲಿಲ್ಲ. ಅವಳಾಚೆ, ರಂಗದ ಬೆಳಕು ಚೆಲ್ಲಿದ ಮುಂದಿನ ಸಾಲಿನಲ್ಲಿ, ಮುದುಕಿಯೊಬ್ಬರು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಟಿಯ ದುಃಖವನ್ನು ನಾನು ಆ ಮುಖದಲ್ಲಿ ನೋಡಿದೆ.

ನಾನು ಸಾಗರದ ಕಡೆಯವನು. ಚಿಕ್ಕಂದಿನಲ್ಲಿ ಗದ್ದೆಬಯಲಿನಲ್ಲಿ ಯಕ್ಷಗಾನದ ಆಟ ನೋಡಲು ಹೋದರೆ ರಂಗಸ್ಥಳದ ಮೂರೂ ಕಡೆ ಚಾಪೆ, ಕಂಬಳಿ. ಗ್ಯಾಸ್‌ಲೈಟಿನಲ್ಲಿ ಆಚೆ ಬದಿಯವರ ಮುಖಗಳೆಲ್ಲ ಕಾಣುತ್ತಿದ್ದವು. ಅಭಿಮನ್ಯು ಸಾಯುವಾಗ ನಮ್ಮ ಅಜ್ಜಿ ಅಲ್ಲಿಂದ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದು ನನಗೆ ಈಚೆಯಿಂದ ಕಾಣುತ್ತಿತ್ತು. ಆಮೇಲೆ ಬೆಂಗಳೂರಿನ ದೊಡ್ಡ ಸಭಾಂಗಣಗಳಲ್ಲಿ ಐವತ್ತು ವರ್ಷ ನೋಡಿದ್ದು ಮುಂದಿನವರ ತಲೆ ಮಾತ್ರ. ಇಷ್ಟು ದೂರ ಬಂದು ಅಜ್ಜಿಯ ಜಾಗದಲ್ಲಿ ಯಾರನ್ನೋ ನೋಡುತ್ತೇನೆ ಎಂದು ನಾನು ಎಣಿಸಿರಲಿಲ್ಲ.

ಬಿಡುವಿನಲ್ಲಿ ಮಗಳು ಎಂಡ್‌ಲೆಸ್ ಬ್ರಿಜ್‌ಗೆ ಕರೆದೊಯ್ದಳು. ಕಟ್ಟಡದಿಂದ ನದಿಯತ್ತ 178 ಅಡಿ ಚಾಚಿದ ತೋಳು ಅದು, ತುದಿಯಲ್ಲಿ ಕಂಬವೇ ಇಲ್ಲ. ಗಿರಣಿಯಿಂದ ಗಿರಣಿಗೆ ಧಾನ್ಯ ಸಾಗಿಸುತ್ತಿದ್ದ ಸೇತುವೆಗಳ ನೆನಪಿಗೆ ಹೀಗೆ ಮಾಡಿದ್ದಾರೆ. ಒಳಗೆ ಕತ್ತಲೆ, ಗೋಡೆಯಲ್ಲಿ ಸೀಳಿನಂಥ ಕಿಟಕಿಗಳು, ಅವುಗಳ ಚೌಕಟ್ಟಿಗೆ ಕನ್ನಡಿ. ಸೇಂಟ್ ಆಂಥನಿ ಜಲಪಾತ ಒಂದರಲ್ಲಿ ಎರಡಾಗಿ ಕಾಣುತ್ತದೆ. ತುದಿಯ ಬಾಗಿಲು ತೆರೆದರೆ ಬಯಲು, ಅಕ್ಟೋಬರಿನ ಕೊರೆಯುವ ಗಾಳಿ, ಕೆಳಗೆ ಕಲ್ಲಿನ ಕಮಾನು ಸೇತುವೆಯ ದೀಪಗಳು. ನಾಟಕದ ಟಿಕೆಟ್ ಇಲ್ಲದವರೂ ಇಲ್ಲಿಯವರೆಗೆ ಬರಬಹುದು. ಇದು ನನಗೆ ತುಂಬ ಮೆಚ್ಚುಗೆಯಾಯಿತು.

ಒಂದೇ ಕಡೆಯಿಂದ ನೋಡುವ ಚೌಕಟ್ಟಿನ ರಂಗವಿರುವ 700 ಕುರ್ಚಿಗಳ ಇನ್ನೊಂದು ಸಭಾಂಗಣವನ್ನೂ ಮರುದಿನ ಇಣುಕಿದೆವು. ಗೋಡೆ, ಕುರ್ಚಿ ಎಲ್ಲ ರಕ್ತಗೆಂಪು. ನೋಡಲು ಭರ್ಜರಿ, ಆದರೆ ನನಗೆ ಒಗ್ಗಲಿಲ್ಲ. ಅಲ್ಲಿಂದ ಒಂಬತ್ತನೇ ಅಂತಸ್ತಿಗೆ ಹೋದೆವು. ಆ ಮೂಲೆಯ ಕೋಣೆಗೆ ಪೂರ್ತಿ ಹಳದಿ ಗಾಜು. ಹೊರಗೆ ಮೋಡ ಮುಸುಕಿದ ಮಧ್ಯಾಹ್ನವಿದ್ದರೂ ನದಿ, ಗಿರಣಿ, ರಸ್ತೆ ಎಲ್ಲವೂ ಹೊಂಬಿಸಿಲಿನಲ್ಲಿದ್ದವು.

“ಅರಿಶಿನದ ನೀರು ಹೊಯ್ದ ಹಾಗಿದೆ,” ಎಂದಳು ಹೆಂಡತಿ. ಅವಳ ಮುಖವೂ ಹಾಗೇ ಇತ್ತು. ಗಾಜಿಗೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು. ನಾನು ನದಿಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆ.