ಮಟನ್ ಬಿಟ್ಟರೆ ದೇವರಿಗೆ ಏನು ಸಿಗುತ್ತೆ?

ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ, ಅಂದರೆ ನಾವು ಕ್ರೈಸ್ತರು ಉಪವಾಸ ಮಾಡುವ ತಪಸ್ಸುಕಾಲದಲ್ಲಿ, ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಆಫೀಸಿನಲ್ಲಿ ಊಟದ ಡಬ್ಬಿ ತೆರೆದಾಗ ಪಕ್ಕದವರು ಕೇಳುತ್ತಾರೆ: "ನೀವು ಮಟನ್, ಚಿಕನ್ ಬಿಟ್ಟರೆ ನಿಮ್ಮ ದೇವರಿಗೆ ಏನ್ರೀ ಸಿಗುತ್ತೆ?" ಈಗೀಗ ನಮ್ಮ ಚರ್ಚಿನ ಹುಡುಗರೂ ಇದನ್ನೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ನನ್ನ ಉತ್ತರ: ದೇವರಿಗೆ ಏನೂ ಸಿಗುವುದಿಲ್ಲ.

ಬೈಬಲ್ಲೇ ಹಾಗೆ ಹೇಳುತ್ತದೆ. 50ನೇ ಕೀರ್ತನೆಯಲ್ಲಿ ದೇವರು ಮಾತಾಡುತ್ತಾರೆ. ಕಾಡಿನ ಮೃಗಗಳೂ ನನ್ನವೇ, ಗುಡ್ಡದ ಮೇಲಿನ ದನಗಳೂ ನನ್ನವೇ, ನನಗೆ ಹಸಿವಾದರೆ ನಿನಗೆ ಯಾಕೆ ಹೇಳಲಿ ಎನ್ನುತ್ತಾರೆ. ನಾವು ಬಿಟ್ಟ ಬಿರಿಯಾನಿ ಅವರಿಗೆ ಯಾತಕ್ಕೆ?

ಹಾಗಾದರೆ ಯಾರಿಗೆ ಸಿಗಬೇಕು? ಇದಕ್ಕೆ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದಬೇಕು. ಜನ ದೇವರ ಹತ್ತಿರ ದೂರು ಹೇಳುತ್ತಾರೆ: ನಾವು ಉಪವಾಸ ಮಾಡಿದೆವು, ನೀವು ಯಾಕೆ ನೋಡಲಿಲ್ಲ? ದೇವರ ಉತ್ತರ ಬಹಳ ಖಾರ. ಉಪವಾಸದ ದಿನವೂ ನೀವು ನಿಮ್ಮ ಲಾಭವನ್ನೇ ನೋಡುತ್ತೀರಿ, ಕೂಲಿಯವರನ್ನು ಹಿಂಡುತ್ತೀರಿ, ಜಗಳವಾಡಿ ಗುದ್ದಾಡುತ್ತೀರಿ. ನನಗೆ ಬೇಕಾದ ಉಪವಾಸ ಎಂದರೆ ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದು, ನೆಲೆಯಿಲ್ಲದವರನ್ನು ಮನೆಗೆ ಕರೆಯುವುದು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವುದು. ಕಥೋಲಿಕ ಚರ್ಚುಗಳಲ್ಲಿ ಬೂದಿ ಬುಧವಾರದ ನಂತರದ ಶುಕ್ರವಾರವೇ ಬಲಿಪೂಜೆಯಲ್ಲಿ (ಮಾಸ್) ಈ ಭಾಗ ಓದುತ್ತಾರೆ. ತಪಸ್ಸುಕಾಲ ಶುರುವಾಗಿ ಎರಡೇ ದಿನಕ್ಕೆ ಈ ಎಚ್ಚರಿಕೆ! ಆದರೆ ಆ ದಿನ ಪೂಜೆಗೆ ಬರುವವರು ಕಡಿಮೆ. ತಪಸ್ಸುಕಾಲದ ಒಂದು ಭಾನುವಾರವೂ ಇದನ್ನು ಓದಿದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ಮೊದಲ ಕಾಲದ ಕ್ರೈಸ್ತರು ಇದನ್ನು ಅಕ್ಷರಶಃ ಪಾಲಿಸಿದ್ದರು. ಎರಡನೇ ಶತಮಾನದಲ್ಲಿ ಅಥೆನ್ಸಿನ ಅರಿಸ್ತೀದೆಸ್ ಎಂಬ ಕ್ರೈಸ್ತ ಚಿಂತಕ ರೋಮ್ ಚಕ್ರವರ್ತಿಗೆ ತನ್ನ ಜನರ ಬಗ್ಗೆ ಬರೆದ. ಅವರಲ್ಲಿ ಯಾರಾದರೂ ಬಡವರಿದ್ದು, ಉಳಿದವರ ಮನೆಯಲ್ಲೂ ಮಿಕ್ಕ ಆಹಾರ ಇಲ್ಲದಿದ್ದರೆ, ಅವರೆಲ್ಲ ಎರಡು ಮೂರು ದಿನ ಉಪವಾಸವಿದ್ದು ಆ ಬಡವರಿಗೆ ಬೇಕಾದ ಆಹಾರ ಕೊಡುತ್ತಾರೆ ಎಂದು ಹೇಳಿದ. ಅಂದರೆ ತಮ್ಮ ತಟ್ಟೆಯಿಂದಲೇ ತೆಗೆದು ಕೊಟ್ಟರು. ಅದೇ ಶತಮಾನದಲ್ಲಿ ರೋಮ್‌ನ ಹೆರ್ಮಸ್ ಎಂಬ ಕ್ರೈಸ್ತ ಬರೆದದ್ದರಲ್ಲಿ ಲೆಕ್ಕವೂ ಇದೆ. ಉಪವಾಸದ ದಿನ ರೊಟ್ಟಿ, ನೀರು ಮಾತ್ರ ತೆಗೆದುಕೋ. ಆ ದಿನ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಹಾಕು. ಅಷ್ಟನ್ನು ಒಬ್ಬ ವಿಧವೆಗೋ, ಅನಾಥರಿಗೋ, ಕಷ್ಟದಲ್ಲಿರುವವರಿಗೋ ಕೊಡು.

ಎಷ್ಟು ಸರಳ, ಅಲ್ವಾ? ನಮ್ಮ ಮನೆಯಲ್ಲಿ ಇದನ್ನೇ ಮಾಡುತ್ತೇವೆ. ಭಾನುವಾರಕ್ಕೆ ಒಂದು ಕೆಜಿ ಮಟನ್ ತಂದರೆ ಬೆಂಗಳೂರಿನಲ್ಲಿ ನೂರಾರು ರೂಪಾಯಿ ಆಗಿಯೇ ಆಗುತ್ತದೆ. ಆ ದುಡ್ಡು ಬೇರೆ ಡಬ್ಬಿಗೆ ಹೋಗುತ್ತದೆ. ಹಬ್ಬದ ಹೊತ್ತಿಗೆ ಅದು ಯಾರದೋ ಮಗುವಿನ ಫೀಸು, ಇಲ್ಲವೇ ಯಾರದೋ ಔಷಧಿ. ಬಿಟ್ಟ ಮಟನ್ ದುಡ್ಡಲ್ಲಿ ಹಬ್ಬಕ್ಕೆ ಇನ್ನೂ ಜಾಸ್ತಿ ಮಟನ್ ತಂದರೆ ಅದು ಉಪವಾಸವಲ್ಲ, ಉಳಿತಾಯ.

ನಿಯಮದ ಬಗ್ಗೆಯೂ ಕೇಳುತ್ತಾರೆ, ಬೇಗ ಹೇಳಿಬಿಡುತ್ತೇನೆ. ಕಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ, ಗುಡ್ ಫ್ರೈಡೇ. 18ರಿಂದ 59 ವರ್ಷದವರಿಗೆ. ಒಂದು ಹೊತ್ತು ಪೂರ್ತಿ ಊಟ, ಬೇಕಾದರೆ ಎರಡು ಹೊತ್ತು ಸ್ವಲ್ಪ ಸ್ವಲ್ಪ. ಕಾಯಿಲೆಯವರಿಗೆ, ಬಸುರಿಯರಿಗೆ ಇದು ಅನ್ವಯಿಸುವುದಿಲ್ಲ. ಶುಕ್ರವಾರದಂಥ ಮಾಂಸ ಬಿಡುವ ದಿನಗಳಲ್ಲಿ ಮೀನನ್ನು ಮಾಂಸವೆಂದು ಎಣಿಸುವುದಿಲ್ಲ. ಹಾಗೆಂದು ಶುಕ್ರವಾರ ಮಂಗಳೂರಿನ ಹೋಟೆಲಿನಲ್ಲಿ ಅಂಜಲ್ ಫ್ರೈ ಆರ್ಡರ್ ಮಾಡಿದರೆ ನಿಯಮ ಉಳಿಯುತ್ತದೆ, ಉಪವಾಸ ಉಳಿಯುವುದಿಲ್ಲ. ದಿನಾ ಮುದ್ದೆ, ಸೊಪ್ಪಿನ ಸಾರಲ್ಲೇ ಬದುಕುವ ತಾಯಿಗೆ ಇನ್ನೇನು ಬಿಡಲು ಹೇಳುವುದು? ಆಕೆ ಕೊಡಬೇಕಾದವಳಲ್ಲ, ನಾವು ಬಿಟ್ಟದ್ದು ಮುಟ್ಟಬೇಕಾದದ್ದೇ ಆಕೆಗೆ.

ಮೊಬೈಲ್ ಬಿಡುವವರ ಬಗ್ಗೆಯೂ ನನಗೆ ಇದೇ ಮಾತು. ನಲವತ್ತು ದಿನ ಇನ್‌ಸ್ಟಾಗ್ರಾಂ ಬಿಡುತ್ತೇನೆ ಎನ್ನುವ ಹುಡುಗರನ್ನು ಕಂಡರೆ ಖುಷಿಯಾಗುತ್ತದೆ. ಕೆಲವರಿಗೆ ಮಟನ್‌ಗಿಂತ ಅದೇ ಕಷ್ಟ. ಆದರೆ ಉಳಿದ ಒಂದು ಗಂಟೆ ಎಲ್ಲಿಗೆ ಹೋಯಿತು? ಅದು ಟಿವಿಗೆ ಹೋದರೆ ಸುಮ್ನೆ ಚಟ ಬದಲಾಯಿಸಿದಂತಾಯಿತು. ಊರಲ್ಲಿರುವ ಅಜ್ಜಿಗೆ ಫೋನ್ ಮಾಡಲು, ಚರ್ಚಿಗೆ ಬರಲಾಗದ ಮುದುಕರ ಮನೆಗೆ ಹೋಗಿ ಕೂರಲು, ರಾತ್ರಿ ಜಪಸರ ಹಿಡಿಯಲು ಹೋದರೆ ಅದು ತಪಸ್ಸುಕಾಲ.

ಯೆಶಾಯ ಕೂಲಿಯವರ ಮಾತೆತ್ತಿದ್ದನ್ನು ನಾವು ಜಾಣತನದಿಂದ ದಾಟಿಬಿಡುತ್ತೇವೆ. ಗುಡ್ ಫ್ರೈಡೇ ದಿನ ನಾವು ಮೂರು ಗಂಟೆಯ ಆರಾಧನೆಗೆ ಹೋಗಬೇಕು. ಮನೆಕೆಲಸದ ಅಕ್ಕ ಮಾತ್ರ ಬಂದು ಪಾತ್ರೆ ತಿಕ್ಕಬೇಕು, ರಜೆ ಕೇಳಿದರೆ ಸಂಬಳ ಮುರಿಯಬೇಕು. ಇದು ಯಾವ ಉಪವಾಸ? ಕೂಲಿಯವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ತಪಸ್ಸುಕಾಲದಲ್ಲಿ ಒಂದೇ ಕೆಲಸ ಮಾಡಲು ಆಗುವುದಾದರೆ, ಬಾಕಿ ಇಟ್ಟ ಕೂಲಿ ತೀರಿಸಿ ಎಂದೇ ನಾನು ಹೇಳುವುದು. ಮಟನ್ ವಿಷಯ ಆಮೇಲೆ ನೋಡೋಣ.

ಇಷ್ಟು ಹೇಳಿದ ಮೇಲೆ ಬುದ್ಧಿವಂತರೊಬ್ಬರು ಕೇಳಿಯೇ ಕೇಳುತ್ತಾರೆ: "ಹಾಗಾದರೆ ಮಟನ್ ತಿಂದುಕೊಂಡೇ ದುಡ್ಡು ಕೊಡಬಹುದಲ್ಲ?" ಕೊಡಿ, ಖಂಡಿತ ಕೊಡಿ. ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಹಾಗೆ ಮಾಡುವುದೇ ಸರಿ. ಆದರೆ ಹೊಟ್ಟೆ ತುಂಬಿದ ಮೇಲೆ ಕೊಡುವಾಗ ಎಷ್ಟು ಕೊಟ್ಟರೂ ಜಾಸ್ತಿ ಕೊಟ್ಟೆ ಅನಿಸುತ್ತದೆ. ಮಧ್ಯಾಹ್ನ ಊಟ ಬಿಟ್ಟು, ನಾಲ್ಕು ಗಂಟೆಗೆ ತಲೆ ನೋಯುತ್ತಾ, ಎದುರಿಗಿರುವವರ ಮೇಲೆ ಸಿಟ್ಟು ಬರುತ್ತಾ ಕೂತಾಗ ಕೆಲವರಿಗೆ ದಿನವೂ ಹೀಗೇ ಇರುತ್ತದೆ ಎಂದು ಹೊಟ್ಟೆಗೇ ತಿಳಿಯುತ್ತದೆ. ಆಗ ಆ ಡಬ್ಬಿಗೆ ಹಾಕುವ ನೋಟು ದೊಡ್ಡದಾಗುತ್ತದೆ.